ಕಣ್ಣು ಕಾಣದ ಮಗುವನ್ನು ಈಜು ಸ್ಪರ್ಧೆಗೆ ಇಳಿಸಬೇಕಾ? ಕೋಲು ಹಿಡಿಯುವವರಿಂದ ಶುರು ಮಾಡಿ

ನಮ್ಮ ಅಕ್ಕನ ಮಗಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಒಂಬತ್ತನೇ ವಯಸ್ಸಿಗೆ ನೀರಿಗಿಳಿದಳು, ಈಗ ಹದಿನೈದು. ಅವಳು ಈಜುವಾಗ ಲೇನಿನ ತುದಿಯಲ್ಲಿ ಉದ್ದನೆಯ ಕೋಲು ಹಿಡಿದು ನಿಲ್ಲುವವನು ನಾನು. ಸ್ಪರ್ಧೆಗೆ ಹೋದಾಗೆಲ್ಲ ಯಾರಾದರೊಬ್ಬ ಅಪ್ಪನೋ ಅಮ್ಮನೋ ಹತ್ತಿರ ಬಂದು, ನಮ್ಮ ಮಗೂಗೂ ಹೀಗೇ ಇದೆ, ಯಾವ ಕೋಚ್ ಹತ್ತಿರ ಸೇರಿಸಲಿ ಅಂತ ಕೇಳುತ್ತಾರೆ. ಪ್ರತಿ ಸಲ ನಾನು ಹೇಳುವುದು ಒಂದೇ. ಕೋಚ್ ಸಿಗುತ್ತಾರೆ. ಮೊದಲು ಕೋಲು ಹಿಡಿಯುವವರು ಯಾರು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಿ.

ಯಾಕೆ ಅಂತ ಹೇಳುತ್ತೇನೆ. ರಸ್ತೆಯಲ್ಲಿ ನಡೆಯುವಾಗ ಕಣ್ಣು ಕಾಣದವರಿಗೆ ಕಿವಿ ಇದೆ, ಕೈಯಲ್ಲಿ ಬಿಳಿ ಕೋಲಿದೆ. ನೀರಿಗೆ ಬಿದ್ದ ಮೇಲೆ ಕೋಲಿಲ್ಲ, ಕಿವಿ ತುಂಬ ನೀರು, ಮೇಲಿಂದ ಸಿಲಿಕಾನ್ ಕ್ಯಾಪ್. ಗೋಡೆ ಎಲ್ಲಿದೆ ಅಂತ ತಿಳಿಸಲು ಉಳಿಯುವುದು ಚರ್ಮ ಮಾತ್ರ. ಹಾಗಾಗಿ ಗೋಡೆ ಹತ್ತಿರ ಬಂದಾಗ ಮೇಲೆ ನಿಂತವರು ಮೆತ್ತನೆಯ ತುದಿ ಇರುವ ಕೋಲಿನಿಂದ ತಲೆಗೋ ಬೆನ್ನಿಗೋ ಒಂದು ಸಲ ತಟ್ಟುತ್ತಾರೆ. ಇದಕ್ಕೆ ಟ್ಯಾಪಿಂಗ್ ಅಂತಾರೆ, ತಟ್ಟುವವರು ಟ್ಯಾಪರ್. ಪೂರ್ತಿ ಕಾಣದವರ ವರ್ಗದಲ್ಲಿ ಟ್ಯಾಪರ್ ಇರಲೇಬೇಕು, ಅದು ನಿಯಮ. 50 ಮೀಟರ್ ಕೊಳದಲ್ಲಿ 100 ಮೀಟರ್ ಈಜಬೇಕೆಂದರೆ ಆ ತುದಿಗೊಬ್ಬರು, ಈ ತುದಿಗೊಬ್ಬರು, ಒಟ್ಟು ಇಬ್ಬರು ಬೇಕು. ಈಗ ಯೋಚನೆ ಮಾಡಿ, ವಾರಕ್ಕೆ ಐದಾರು ದಿನ ಬೆಳಗ್ಗೆ ಐದೂವರೆಗೆ ಬಂದು ಒಂದೂವರೆ ಗಂಟೆ ನಿಲ್ಲುವವರು ಯಾರು? ಕೋಚ್‌ಗೆ ಇನ್ನೂ ಮೂವತ್ತು ಮಕ್ಕಳಿರುತ್ತಾರೆ. ಅಪ್ಪ, ಅಮ್ಮ, ಮಾವ, ಅಣ್ಣ, ಪಕ್ಕದ ಮನೆಯ ಕಾಲೇಜು ಹುಡುಗಿ, ಯಾರಾದರೂ ಸರಿ. ಈಜು ಬರಲೇಬೇಕೆಂದಿಲ್ಲ, ಬಂದರೆ ಒಳ್ಳೆಯದು. ತಪ್ಪದೆ ಬರುವ ಇಬ್ಬರು ಬೇಕು, ಅಷ್ಟೇ.

ನೀರಿಗಿಳಿಯುವ ಮೊದಲು

ಕಣ್ಣಿನ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ: ಇವನು ಅಥವಾ ಇವಳು ತಲೆ ಕೆಳಗಾಗಿ ನೀರಿಗೆ ಹಾರಬಹುದಾ, ಬಿಗಿ ಗಾಗಲ್ಸ್ ಹಾಕಬಹುದಾ? ರೆಟಿನಾ ದುರ್ಬಲ ಇರುವ ಮಕ್ಕಳಿಗೆ ನೀರಿನ ಹೊಡೆತ ಒಳ್ಳೆಯದಲ್ಲ, ಗ್ಲಾಕೋಮಾ ಇದ್ದವರಿಗೆ ಗಾಗಲ್ಸ್ ಒತ್ತಡದ ಬಗ್ಗೆ ಡಾಕ್ಟರ್ ಬೇರೆ ಸಲಹೆ ಕೊಡಬಹುದು. ಅವರು ಬೇಡ ಅಂದರೆ ಡೈವ್ ಬಿಟ್ಟು ಉಳಿದದ್ದೆಲ್ಲ ಕಲಿಯಬಹುದು. ಸ್ವಲ್ಪ ದೃಷ್ಟಿ ಉಳಿದಿರುವ ಮಕ್ಕಳ ವಿಷಯದಲ್ಲಿ ಇದನ್ನು ದಯವಿಟ್ಟು ಮುಂದೂಡಬೇಡಿ.

ಆಮೇಲೆ ಕೊಳ. ಬೆಂಗಳೂರಿನವರಾದರೆ ಬಸವನಗುಡಿ, ಸದಾಶಿವನಗರ, ಜಯನಗರ ಅಂತ ಒಳ್ಳೆಯ ಕೊಳಗಳಿವೆ, ಮಂಗಳೂರಿನಲ್ಲಿ ಲೇಡಿಹಿಲ್ ಹತ್ತಿರದ ಮಂಗಳಾ ಈಜುಕೊಳ ಇದೆ. ಅಂಗವಿಕಲ ಈಜುಗಾರರು ನಮ್ಮ ರಾಜ್ಯಕ್ಕೆ ಹೊಸಬರೇನಲ್ಲ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ, 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಆರು ಪದಕ ತಂದ ಶರತ್ ಗಾಯಕವಾಡ್ ಬೆಂಗಳೂರಿನವರು, ನಿರಂಜನ್ ಮುಕುಂದನ್ ಕೂಡ. ಅವರಿಬ್ಬರಿಗೂ ಇರುವುದು ಕೈಕಾಲಿನ ತೊಂದರೆ, ಕಣ್ಣಿನದಲ್ಲ. ಅದಕ್ಕೇ ಇರಬೇಕು, ಎಷ್ಟೋ ಕೊಳಗಳಲ್ಲಿ ಕೈಯಿಲ್ಲದ ಮಗುವನ್ನು ಸೇರಿಸಿಕೊಳ್ಳುತ್ತಾರೆ, ಕಣ್ಣಿಲ್ಲದ ಮಗು ಅಂದ ಕೂಡಲೇ ಹಿಂದೆ ಸರಿಯುತ್ತಾರೆ. ನಮಗೆ ಒಂದು ಕಡೆ ಏನೂ ವಿಚಾರಿಸದೆ ಆಗಲ್ಲ ಅಂದರು, ಅಕ್ಕ ಅವತ್ತು ಆಟೋದಲ್ಲಿ ಅತ್ತಳು. ಎರಡನೇ ಕಡೆ ನಾನೇ ಹೋಗಿ, ತಿಂಗಳು ಪೂರ್ತಿ ಅವಳ ಜೊತೆ ನೀರಲ್ಲಿ ನಾನೂ ಇರುತ್ತೇನೆ, ಇಬ್ಬರ ಫೀಸೂ ಕಟ್ಟುತ್ತೇನೆ, ಜನ ಕಡಿಮೆ ಇರುವ ಬ್ಯಾಚ್ ಕೊಡಿ ಸಾಕು ಅಂದೆ. ಒಪ್ಪಿದರು. ಸುಮ್ನೆ ಸೇರಿಸಿಕೊಳ್ಳಿ ಅಂತ ಕೇಳುವುದಕ್ಕಿಂತ, ಹೀಗೆ ಹೀಗೆ ಮಾಡುತ್ತೇವೆ ಅಂತ ಬಿಡಿಸಿ ಹೇಳಿದರೆ ಎದುರಿನವರ ಭಯ ಇಳಿಯುತ್ತದೆ.

ಮೊದಲ ದಿನ ಈಜು ಬೇಡ. ಕೊಳದ ಸುತ್ತ ನಡೆಸಿ. ಮೂಲೆ ಯಾವುದು, ಏಣಿ ಎಲ್ಲಿದೆ, ಆಳದ ಕಡೆ ಯಾವುದು, ಷವರ್ ಎಲ್ಲಿ, ನೆಲ ಎಲ್ಲಿ ಜಾರುತ್ತದೆ, ಎಲ್ಲ ಕಾಲಿಗೆ ಗೊತ್ತಾಗಲಿ. ಏಣಿ ಹಿಡಿದು ಇಳಿದು, ಗೋಡೆ ಸವರುತ್ತ ಒಂದು ಸುತ್ತು ಬರಲಿ. ನಮ್ಮ ಹುಡುಗಿ ಎರಡನೇ ದಿನವೇ ನೀರು ಗೋಡೆಗೆ ಹೊಡೆಯುವ ಸದ್ದಿನ ಮೇಲೆ ಆಳದ ಕಡೆಯನ್ನು ಗುರುತು ಹಿಡಿದಳು. ನನಗೆ ಆ ವ್ಯತ್ಯಾಸ ಇವತ್ತಿಗೂ ಕೇಳಿಸುವುದಿಲ್ಲ.

ಕೋಚ್‌ಗೆ ಹೇಳಬೇಕಾದದ್ದು

"ಹೀಗೆ ಮಾಡು, ನೋಡು" ಅನ್ನುವುದು ಇಲ್ಲಿ ನಡೆಯುವುದಿಲ್ಲ. ಒಳ್ಳೆಯ ಕೋಚ್‌ಗಳೂ ಇಲ್ಲೇ ತಡವರಿಸುತ್ತಾರೆ, ಯಾಕೆಂದರೆ ಅವರು ಕಲಿಸಿದ್ದೆಲ್ಲ ತೋರಿಸಿ ಕಲಿಸಿದ್ದು. ಮಾತು ದೇಹಕ್ಕೆ ಅಂಟಿಕೊಂಡಿರಬೇಕು. "ಕೈ ಚೆನ್ನಾಗಿ ಎಳೆ" ಅಂದರೆ ಏನೂ ಅರ್ಥವಾಗಲ್ಲ. "ಹೆಬ್ಬೆರಳು ತೊಡೆಗೆ ತಾಗುವ ತನಕ ನೀರನ್ನು ಹಿಂದಕ್ಕೆ ತಳ್ಳು" ಅಂದರೆ ಅರ್ಥವಾಗುತ್ತದೆ. "ತಲೆ ತಗ್ಗಿಸು" ಬೇಡ, "ಗದ್ದ ಎದೆ ಕಡೆ ತಗೊ, ನೀರಿನ ಗೆರೆ ನೆತ್ತಿ ಮೇಲೆ ಬರಲಿ" ಅನ್ನಿ. ಕೈ ಮುಟ್ಟಿ ತೋರಿಸಬೇಕಾದರೆ ಮೊದಲು ಹೇಳಿ ಮುಟ್ಟಬೇಕು: "ಈಗ ನಿನ್ನ ಮೊಣಕೈ ಹಿಡೀತೀನಿ." ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಇದರ ಉಲ್ಟಾ. ಕೋಚ್ ಗಟ್ಟಿ ನೆಲದ ಮೇಲೆ ನಿಂತು ಕೈ ಬೀಸಲಿ, ಮಗು ಅವರ ಭುಜ ಮತ್ತು ಮೊಣಕೈ ಮೇಲೆ ತನ್ನ ಕೈ ಇಟ್ಟು ಆ ಚಲನೆಯನ್ನು ತಿಳಿಯಲಿ. ಬಟರ್‌ಫ್ಲೈ ಕಾಲೊದೆತ ನಮ್ಮವಳಿಗೆ ಮೂರು ವಾರ ಹತ್ತಲಿಲ್ಲ. ಆಮೇಲೆ ಕ್ಲಬ್ಬಿನ ದೊಡ್ಡ ಹುಡುಗಿಯೊಬ್ಬಳು ಬೆಂಚಿನ ಮೇಲೆ ಬೋರಲು ಮಲಗಿ, ತನ್ನ ಸೊಂಟದ ಮೇಲೆ ಇವಳ ಕೈ ಇಡಿಸಿಕೊಂಡು ಕಾಲು ಒದ್ದು ತೋರಿಸಿದಳು. "ಓ, ಇದು ಸೊಂಟದಿಂದ ಬರೋದಾ!" ಅಂದಳು. ಅವತ್ತೇ ನೀರಲ್ಲಿ ಬಂತು.

ನೇರ ಈಜುವುದು

ಕಣ್ಣು ಕಾಣದೆ ನೇರ ಈಜುವುದು ಸುಲಭವಲ್ಲ. ಎಲ್ಲರಿಗೂ ಒಂದು ಕೈ ಜಾಸ್ತಿ ಎಳೆಯುತ್ತದೆ, ಹಾಗಾಗಿ ದೇಹ ಒಂದು ಕಡೆ ವಾಲಿಕೊಂಡು ಹೋಗುತ್ತದೆ. ಸ್ಪರ್ಧೆಯ ಲೇನ್ ಎರಡೂವರೆ ಮೀಟರ್ ಅಗಲ, ಎರಡೂ ಬದಿಗೆ ಪ್ಲಾಸ್ಟಿಕ್ ಬಿಲ್ಲೆ ಪೋಣಿಸಿದ ತೇಲುವ ಹಗ್ಗ. ಮಧ್ಯದಲ್ಲಿ ಈಜುತ್ತೇನೆ ಅಂತ ಹೊರಟರೆ ಬಲ ಹಗ್ಗಕ್ಕೆ ಬಡಿದು, ಅಲ್ಲಿಂದ ಎಡ ಹಗ್ಗಕ್ಕೆ ಹೋಗಿ, ಹಾವಿನ ಹಾಗೆ ಹರಿದು ದೂರ ಜಾಸ್ತಿ ಮಾಡಿಕೊಳ್ಳುತ್ತಾರೆ. ಅದಕ್ಕೆ ಒಂದು ಬದಿ ಆರಿಸಿಕೊಳ್ಳಿ. ಬಲಗಡೆ ಹಗ್ಗ ಅಂದರೆ ಬಲಗಡೆ ಹಗ್ಗ, ಅದರ ಪಕ್ಕದಲ್ಲೇ, ಕೈ ಒಳಹೋಗುವಾಗ ಬೆರಳ ಬದಿ ಆಗಾಗ ಹಗುರವಾಗಿ ತಾಗುವಷ್ಟು ಹತ್ತಿರ. ಹಗ್ಗ ಸಡಿಲ ಇದ್ದರೆ ಇದು ಆಗಲ್ಲ, ಬಿಗಿಯಾಗಿ ಎಳೆದು ಕಟ್ಟಿಸಿ. ಮೊದಲ ವರ್ಷ ಗೆಣ್ಣು, ಮುಂಗೈ ತರಚುತ್ತಲೇ ಇರುತ್ತದೆ. ಒಡೆದ ಬಿಲ್ಲೆಗಳಿರುವ ಹಗ್ಗ ಇದ್ದರೆ ಅದನ್ನು ಬದಲಾಯಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ, ಅದು ಬ್ಲೇಡಿನ ಹಾಗೆ ಕುಯ್ಯುತ್ತದೆ.

ಇನ್ನೊಂದು, ಸ್ಟ್ರೋಕ್ ಎಣಿಸುವುದು. 25 ಮೀಟರ್‌ಗೆ ಎಷ್ಟು ಕೈ ಅಂತ ಪ್ರತಿ ಮಗುವಿಗೂ ಒಂದು ಲೆಕ್ಕ ಇರುತ್ತದೆ. ನಮ್ಮವಳದು ಫ್ರೀಸ್ಟೈಲ್‌ನಲ್ಲಿ 22. ಆದರೆ ಸುಸ್ತಾದ ಮೇಲೆ ಅದೇ ದೂರಕ್ಕೆ 25 ಬೇಕಾಗುತ್ತದೆ, ಕೈ ಚಿಕ್ಕದಾಗುತ್ತದಲ್ವಾ. ಅದಕ್ಕೆ ಬೆಳಗ್ಗೆ ತಾಜಾ ಇದ್ದಾಗಿನ ಲೆಕ್ಕ ಒಂದು, ಕೊನೆಯ ಸೆಟ್‌ನ ಲೆಕ್ಕ ಒಂದು, ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಎಣಿಕೆ ಗೋಡೆ ಹತ್ತಿರ ಬಂತು ಅಂತ ಎಚ್ಚರಿಸುತ್ತದೆ, ಕೋಲು ಈಗಲೇ ಅಂತ ಹೇಳುತ್ತದೆ. ಎರಡೂ ಬೇಕು.

ಬ್ಯಾಕ್‌ಸ್ಟ್ರೋಕ್‌ನಲ್ಲಿ ಕಾಣುವವರು ಗೋಡೆಯಿಂದ ಐದು ಮೀಟರ್ ಮೊದಲೇ ತಲೆ ಮೇಲೆ ತೂಗುವ ಬಾವುಟ ನೋಡಿಕೊಳ್ಳುತ್ತಾರೆ. ಅಭ್ಯಾಸದಲ್ಲಿ ಆ ಜಾಗದಲ್ಲಿ ಪೈಪಿನಿಂದ ನೀರು ಚಿಮುಕಿಸುವ ಪದ್ಧತಿ ಇದೆ. ಮುಖದ ಮೇಲೆ ಹನಿ ಬಿತ್ತು ಅಂದರೆ ಐದು ಮೀಟರ್ ಉಳಿದಿದೆ ಅಂತ ಅರ್ಥ. ನಾವು ತೋಟದ ಪೈಪನ್ನೇ ಹಗ್ಗಕ್ಕೆ ಕಟ್ಟಿದ್ದೆವು.

ತಟ್ಟುವ ಕೆಲಸ

ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ನಾನು ಶುರು ಮಾಡಿದಾಗ ಇದನ್ನು ಕನ್ನಡದಲ್ಲಿ ಹೇಳಿಕೊಡುವವರು ನನಗೆ ಯಾರೂ ಸಿಗಲಿಲ್ಲ.

ಕೋಲು ಹಗುರ ಇರಬೇಕು, ಬಳುಕಬಾರದು. ಮೊದಲು ನಾವು ಬಿದಿರಿನ ಕೋಲಿಗೆ ಟೆನಿಸ್ ಚೆಂಡು ಸಿಕ್ಕಿಸಿದ್ದೆವು. ಅದು ನೀರು ಕುಡಿದು ಭಾರವಾಯಿತು. ಈಗ ಅಲ್ಯೂಮಿನಿಯಂ ಕೊಳವೆ, ತುದಿಗೆ ದಪ್ಪ ಫೋಮ್. ಉದ್ದ ನಿಮ್ಮ ಎತ್ತರದ ಮೇಲೆ ಹೋಗುತ್ತದೆ. ಗೋಡೆ ಅಂಚಿನಲ್ಲಿ ನಿಂತು ಸ್ವಲ್ಪ ಬಾಗಿದರೆ ನೀರಿನ ಮೇಲೆ ಎರಡು ಮೀಟರ್‌ನಷ್ಟು ಮುಂದಕ್ಕೆ ತಲುಪಬೇಕು. ಸ್ಪರ್ಧೆಯಲ್ಲಿ ಅಧಿಕಾರಿಗಳು ಕೋಲನ್ನು ನೋಡುತ್ತಾರೆ, ತುದಿ ಗಟ್ಟಿ ಇದ್ದರೆ ಬಿಡುವುದಿಲ್ಲ.

ಯಾವಾಗ ತಟ್ಟಬೇಕು? ಸೆಕೆಂಡಿಗೆ ಒಂದೂಕಾಲು ಮೀಟರ್ ಹೋಗುವ ಮಗುವಿಗೆ ನೀವು ಅರ್ಧ ಸೆಕೆಂಡ್ ತಡ ಮಾಡಿದರೆ ಅರವತ್ತು ಸೆಂಟಿಮೀಟರ್ ಹೋಯಿತು. ಅಂದರೆ ಗೋಡೆ. ಬೇಗ ತಟ್ಟಿದರೆ ಗೋಡೆ ಸಿಗದೆ ಟರ್ನ್‌ನಲ್ಲಿ ಕಾಲು ಖಾಲಿ ನೀರನ್ನು ಒದೆಯುತ್ತದೆ. ಫ್ರೀಸ್ಟೈಲ್‌ನಲ್ಲಿ ಇನ್ನೊಂದು ಕೈ ಹಾಕಿದರೆ ತಿರುಗಬಹುದು ಅನ್ನುವ ಜಾಗದಲ್ಲಿ ತಟ್ಟಿ. ಬಟರ್‌ಫ್ಲೈ ಮತ್ತು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು, ಆದ್ದರಿಂದ ಕೈ ಮುಂದೆ ಬರುವ ಹೊತ್ತಿಗೆ ತಟ್ಟಬೇಕು, ಎಳೆತ ಶುರುವಾದ ಮೇಲೆ ತಟ್ಟಿದರೆ ಪ್ರಯೋಜನ ಇಲ್ಲ. ಒಂದೇ ಸಲ, ಸ್ಪಷ್ಟವಾಗಿ. ಸವರಿದ ಹಾಗೆ ತಟ್ಟಿದರೆ ನೀರಿನ ಅಲೆ ಯಾವುದು, ಕೋಲು ಯಾವುದು ಗೊತ್ತಾಗುವುದಿಲ್ಲ. ಕಣ್ಣು ಮಗುವಿನ ಮೇಲೆ ಮಾತ್ರ ಇರಲಿ. ಪಕ್ಕದ ಲೇನಿನಲ್ಲಿ ಯಾರು ಮುಂದಿದ್ದಾರೆ ಅಂತ ನೋಡುವ ಆಸೆ ಎಲ್ಲರಿಗೂ ಬರುತ್ತದೆ.

ನಾನು ಒಂದು ಸಲ ನೋಡಿದೆ. ಎರಡನೇ ವರ್ಷ, ಒಂದು ಸಣ್ಣ ಸ್ಪರ್ಧೆ. ಅವಳು ಪೂರ್ತಿ ವೇಗದಲ್ಲಿ ಬಂದು ಗೋಡೆಗೆ ಕೈ ಬಡಿದಳು, ಮಧ್ಯದ ಬೆರಳು ಊದಿಕೊಂಡಿತು. ನೀರಿಂದ ಮೇಲೆ ಬಂದು ಕೇಳಿದ್ದು ಒಂದೇ: "ಮಾಮ, ಎಲ್ಲಿ ಹೋಗಿದ್ರಿ?" ನಾನು ಅಲ್ಲೇ ಇದ್ದೆ. ಬೆರಳು ಹತ್ತು ದಿನದಲ್ಲಿ ವಾಸಿಯಾಯಿತು, ಆದರೆ ಎರಡು ತಿಂಗಳು ಅವಳು ಗೋಡೆ ಹತ್ತಿರ ಬರುತ್ತಿದ್ದಂತೆ ತಾನಾಗಿಯೇ ನಿಧಾನ ಮಾಡುತ್ತಿದ್ದಳು. ಅಷ್ಟು ಹೊತ್ತು ಕಷ್ಟಪಟ್ಟು ಗಳಿಸಿದ ವೇಗವೆಲ್ಲ ಕೊನೆಯ ಐದು ಮೀಟರ್‌ನಲ್ಲಿ ಹೋಗುತ್ತಿತ್ತು. ಆಮೇಲೆ ನಾವು ಒಂದು ರೂಢಿ ಮಾಡಿಕೊಂಡೆವು. ಪ್ರತಿ ದಿನ ಮೊದಲ ಹತ್ತು ನಿಮಿಷ ಬರೀ ಗೋಡೆ. ಹತ್ತು ಮೀಟರ್ ದೂರದಿಂದ ಜೋರಾಗಿ ಬಂದು, ತಟ್ಟಿಸಿಕೊಂಡು, ಮುಟ್ಟುವುದು. ಪ್ರತಿ ಸಲ ಅವಳು ಹೇಳಬೇಕು: ಬೇಗ, ಸರಿ, ತಡ. ನಾನು ವಾದ ಮಾಡುವ ಹಾಗಿಲ್ಲ. ತಟ್ಟುವವರು ಸರಿಯಾಗಿ ತಟ್ಟಿದರಾ ಅಂತ ಹೇಳಬೇಕಾದವರು ಈಜುವವರೇ.

ಸ್ಪರ್ಧೆಯಲ್ಲಿ ಟ್ಯಾಪರ್ ಬಾಯಿ ಬಿಟ್ಟು ಹುರಿದುಂಬಿಸುವ ಹಾಗಿಲ್ಲ, ಸಲಹೆ ಕೊಡುವ ಹಾಗಿಲ್ಲ. ಟರ್ನ್ ಆದ ಮೇಲೆ ಮಗು ತಪ್ಪಿ ಪಕ್ಕದ ಲೇನಿನಲ್ಲಿ ಎದ್ದರೆ ಹೆಸರು ಹಿಡಿದು ಕರೆದು ದಾರಿ ಹೇಳಲು ಅವಕಾಶ ಇದೆ, ಅಷ್ಟೇ.

ವರ್ಗ, ಕಾಗದ, ಔಷಧಿ

ದೃಷ್ಟಿ ತೊಂದರೆ ಇರುವವರಿಗೆ ಮೂರು ವರ್ಗ: ಎಸ್11, ಎಸ್12, ಎಸ್13. ಎಸ್11 ಅಂದರೆ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಕಾಣದವರು. ಎಸ್13ರಲ್ಲಿ ಕನ್ನಡಕ ಹಾಕಿದ ಮೇಲೂ ಸುಮಾರು 6/60ರ ಮಟ್ಟದಲ್ಲಿ (ಬೇರೆಯವರಿಗೆ 60 ಮೀಟರ್ ದೂರಕ್ಕೆ ಕಾಣುವುದು ಇವರಿಗೆ 6 ಮೀಟರ್‌ಗೆ ಕಾಣುತ್ತದೆ) ದೃಷ್ಟಿ ಇರುವವರು ಅಥವಾ ಸುತ್ತಲಿನ ನೋಟ ತೀರ ಕುಗ್ಗಿದವರು, ಎಸ್12 ಇವೆರಡರ ನಡುವೆ. ಒಂದೇ ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ ಯಾವ ವರ್ಗವೂ ಸಿಗುವುದಿಲ್ಲ. ಬ್ರೆಸ್ಟ್‌ಸ್ಟ್ರೋಕ್‌ಗೆ ಎಸ್‌ಬಿ, ನಾಲ್ಕೂ ಸ್ಟ್ರೋಕ್ ಸೇರಿದ ಮೆಡ್ಲೆಗೆ ಎಸ್‌ಎಂ ಅಂತ ಬರೆಯುತ್ತಾರೆ. ಎಸ್11ರವರು ಬೆಳಕೇ ಹೋಗದ ಕಪ್ಪು ಗಾಗಲ್ಸ್ ಹಾಕಲೇಬೇಕು, ಒಬ್ಬರಿಗೆ ಬೆಳಕಿನ ಅರಿವು ಇದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ ಅನ್ಯಾಯ ಆಗುತ್ತದಲ್ವಾ. ಸ್ಪರ್ಧೆ ಮುಗಿದ ಮೇಲೆ ಗಾಗಲ್ಸ್ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಒಳಗಿನಿಂದ ಕಪ್ಪು ಬಣ್ಣ ಬಳಿದು, ಬಿಸಿಲಿಗೆ ಹಿಡಿದು ಎಲ್ಲಾದರೂ ಬೆಳಕು ಸೋರುತ್ತದಾ ನೋಡಿ.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮೊದಲೇ ಮಾಡಿಸಿ, ಎಲ್ಲ ಕಡೆ ಕೇಳುತ್ತಾರೆ. ಕಣ್ಣಿನ ಹಳೆಯ ರಿಪೋರ್ಟ್, ಸ್ಕ್ಯಾನ್, ಫೀಲ್ಡ್ ಟೆಸ್ಟ್ ಎಲ್ಲ ಒಂದೇ ಫೈಲಿನಲ್ಲಿರಲಿ. ರಾಜ್ಯ ಮಟ್ಟದ ಪ್ಯಾರಾ ಈಜು ಆಯ್ಕೆ, ಅಲ್ಲಿಂದ ರಾಷ್ಟ್ರೀಯ, ಅಲ್ಲಿಂದ ಅಂತರರಾಷ್ಟ್ರೀಯ ಅಂತ ದಾರಿ ಹೋಗುತ್ತದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಅಲ್ಲಿನ ಪರೀಕ್ಷಕರೇ ಮತ್ತೆ ಕಣ್ಣು ಪರೀಕ್ಷೆ ಮಾಡುತ್ತಾರೆ, ಅಲ್ಲಿ ವರ್ಗ ಬದಲಾಗಬಹುದು. ಹಾಗಾಗಿ ಎಸ್12, ಎಸ್13ರ ಗಡಿಯಲ್ಲಿರುವ ಮಕ್ಕಳಿಗೆ ಒಂದೇ ವರ್ಗದ ದಾಖಲೆ ಸಮಯ ನೋಡಿಕೊಂಡು ಆಸೆ ಕಟ್ಟಬೇಡಿ.

ಔಷಧಿ ವಿಷಯದಲ್ಲಿ ಎಚ್ಚರಿಕೆ. ಗ್ಲಾಕೋಮಾಗೆ ಕೊಡುವ ಅಸಿಟಜೋಲಮೈಡ್ ಮಾತ್ರೆ, ಡಯಾಮಾಕ್ಸ್ ಅಂತ ಬರುತ್ತದಲ್ಲ, ಅದು ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲಿದೆ, ಯಾಕೆಂದರೆ ಅದು ಮೂತ್ರ ಹೆಚ್ಚಿಸುವ ಔಷಧಿ. ಆದರೆ ಡಾರ್ಜೋಲಮೈಡ್, ಬ್ರಿಂಜೋಲಮೈಡ್ ಕಣ್ಣಿನ ಹನಿಗೆ ತೊಂದರೆ ಇಲ್ಲ. ಮಾತ್ರೆ ಬೇಕೇ ಬೇಕು ಅಂತ ಡಾಕ್ಟರ್ ಹೇಳಿದರೆ ಖಂಡಿತ ನಿಲ್ಲಿಸಬೇಡಿ, ನಾಡಾದಿಂದ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ವೈದ್ಯಕೀಯ ವಿನಾಯಿತಿ ಮೊದಲೇ ಪಡೆಯಿರಿ.

ಎಷ್ಟು ವರ್ಷದ ಕೆಲಸ ಇದು

ಜಪಾನಿನ ಕೆಯಿಚಿ ಕಿಮುರಾ ಎರಡನೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡವರು. 2008ರ ಬೀಜಿಂಗ್‌ನಲ್ಲಿ ಪದಕ ಬರಲಿಲ್ಲ. 2012ರ ಲಂಡನ್‌ನಲ್ಲಿ ಬೆಳ್ಳಿ, ಕಂಚು. 2016ರ ರಿಯೋದಲ್ಲಿ ನಾಲ್ಕು ಪದಕ, ಒಂದೂ ಚಿನ್ನ ಅಲ್ಲ. ಆಮೇಲೆ ಊರು ಬಿಟ್ಟು ಅಮೆರಿಕದ ಬಾಲ್ಟಿಮೋರ್‌ಗೆ ಹೋಗಿ ಅಭ್ಯಾಸ ಮಾಡಿದರು. 100 ಮೀಟರ್ ಬಟರ್‌ಫ್ಲೈ ಚಿನ್ನ ಸಿಕ್ಕಿದ್ದು ಟೋಕಿಯೋದಲ್ಲಿ, 2021ರಲ್ಲಿ. 2024ರ ಪ್ಯಾರಿಸ್‌ನಲ್ಲಿ ಮತ್ತೆರಡು. ಮೊದಲ ಚಿನ್ನಕ್ಕೆ ನಾಲ್ಕು ಪ್ಯಾರಾಲಿಂಪಿಕ್ಸ್. ಎರಡು ವರ್ಷಕ್ಕೆ ಪದಕ ಯಾಕೆ ಬಂದಿಲ್ಲ ಅಂತ ಕೇಳುವ ನೆಂಟರಿಗೆ ನಾನು ಇದನ್ನೇ ಹೇಳುವುದು.

ನಮ್ಮ ದೇಶದ್ದು ನಾಗಪುರದ ಕಾಂಚನಮಾಲಾ ಪಾಂಡೆ. 2017ರ ಜುಲೈನಲ್ಲಿ ಪ್ಯಾರಾ ಈಜು ಸ್ಪರ್ಧೆಗೆ ಬರ್ಲಿನ್‌ಗೆ ಹೋದಾಗ ಬರಬೇಕಾದ ಹಣ ಸಮಯಕ್ಕೆ ಕೈಗೆ ಸಿಗದೆ ಸಾಲ ಮಾಡಬೇಕಾಯಿತು, ಆದರೂ ಬೆಳ್ಳಿ ಗೆದ್ದರು. ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್ ಮೆಕ್ಸಿಕೊ ಸಿಟಿಯಲ್ಲಿ ಇತ್ತು, ಸೆಪ್ಟೆಂಬರ್ ಭೂಕಂಪದಿಂದ ಡಿಸೆಂಬರ್‌ಗೆ ಹೋಯಿತು. ಅಲ್ಲಿ 200 ಮೀಟರ್ ಮೆಡ್ಲೆಯಲ್ಲಿ ಚಿನ್ನ, ಎಸ್‌ಎಂ11ರಲ್ಲಿ. ಮೆಡ್ಲೆ ಅಂದರೆ ನಾಲ್ಕೂ ಸ್ಟ್ರೋಕ್, ನಾಲ್ಕು ಥರದ ಗೋಡೆ, ನಾಲ್ಕು ಥರದ ತಟ್ಟು. ಆ ಕೋಲು ಹಿಡಿದವರ ಹೆಸರು ನನಗೆ ಎಲ್ಲೂ ಕಾಣಲಿಲ್ಲ, ಆದರೆ ಆ ಸುದ್ದಿ ಓದಿದಾಗ ನಾನು ಅವರನ್ನೂ ನೆನೆದೆ.

ಕಾಂಚನಮಾಲಾ ರಿಸರ್ವ್ ಬ್ಯಾಂಕ್ ಉದ್ಯೋಗಿ. ಇದು ಮುಖ್ಯ. ಈಜಿನಿಂದ ಮಾತ್ರ ಮನೆ ನಡೆಯುತ್ತದೆ ಅಂತ ಯಾರೂ ಲೆಕ್ಕ ಹಾಕಬೇಡಿ, ಓದು ಬಿಡಿಸಬೇಡಿ. 2016ರ ಕಾಯ್ದೆ ಪ್ರಕಾರ ಸರ್ಕಾರಿ ಕೆಲಸದಲ್ಲಿ ಅಂಗವಿಕಲರಿಗೆ ಶೇ 4 ಮೀಸಲು, ಅದರಲ್ಲಿ ಶೇ 1 ಅಂಧರಿಗೆ ಮತ್ತು ಕಡಿಮೆ ದೃಷ್ಟಿಯವರಿಗೆ. ದೃಷ್ಟಿ ತೊಂದರೆ ಇರುವ ಅಮೆರಿಕದ ಟ್ರಿಶಾ ಜಾರ್ನ್ 1980ರಿಂದ 2004ರ ತನಕ ಏಳು ಪ್ಯಾರಾಲಿಂಪಿಕ್ಸ್ ಈಜಿದರು, ಅದರ ಜೊತೆಗೇ ಶಾಲೆಯಲ್ಲಿ ಪಾಠ ಮಾಡಿದರು, ಕಾನೂನು ಓದಿದರು.

ಸ್ಪರ್ಧೆಗೆ ಹೊರಡುವಾಗ

ಹಿಂದಿನ ದಿನವೇ ಕೊಳಕ್ಕೆ ಹೋಗಿ ಅದೇ ಮೊದಲ ದಿನದ ನಡಿಗೆ ಮತ್ತೆ ಮಾಡಿಸಿ. ಸ್ಟಾರ್ಟ್ ಕಟ್ಟೆಯ ಎತ್ತರ, ಅದರ ಅಂಚು, ಗೋಡೆ ನುಣುಪಾ ಒರಟಾ, ಕೈಯಿಂದ ಮುಟ್ಟಿ ನೋಡಲಿ. ಆ ಕೊಳದಲ್ಲಿ ಸ್ಟ್ರೋಕ್ ಲೆಕ್ಕ ಎಷ್ಟು ಬರುತ್ತದೆ ಅಂತ ಎಣಿಸಲಿ. ಎರಡನೇ ಟ್ಯಾಪರ್ ಹೊಸಬರಾದರೆ ಅವರ ಜೊತೆ ಕನಿಷ್ಠ ಇಪ್ಪತ್ತು ಸಲ ಗೋಡೆ ಮುಟ್ಟುವ ಅಭ್ಯಾಸ ಆಗಲಿ.

ಚೀಲದಲ್ಲಿ ಕಪ್ಪು ಗಾಗಲ್ಸ್ ಮೂರು ಜೊತೆ, ಕ್ಯಾಪ್ ಎರಡು, ಬೆರಳಿಗೆ ಸುತ್ತಲು ಟೇಪ್, ಯುಡಿಐಡಿ ಕಾರ್ಡಿನ ಪ್ರತಿ, ತಿನ್ನಲು ಬಾಳೆಹಣ್ಣು, ಚಿಕ್ಕಿ. ಕೋಲು ಎರಡು ಒಯ್ಯಿರಿ. ಉದ್ದದ ಕೋಲು ರೈಲಿನ ಬರ್ತ್ ಕೆಳಗೆ ಹಿಡಿಸುವುದಿಲ್ಲ, ಬಸ್ಸಿನಲ್ಲಿ ಕಂಡಕ್ಟರ್ ಬೇಡ ಅನ್ನುತ್ತಾರೆ. ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯವರು ಅಲ್ಯೂಮಿನಿಯಂ ಕೊಳವೆಯನ್ನು ಮಧ್ಯಕ್ಕೆ ಕುಯ್ದು, ಒಳಗೆ ತಿರುಪು ಕೂರಿಸಿ, ಎರಡು ತುಂಡು ಮಾಡಿಕೊಟ್ಟರು. ಜೋಡಿಸುವಾಗ ಗಟ್ಟಿಯಾಗಿ ತಿರುಗಿಸಿ, ಫೋಮ್ ತುದಿಯನ್ನು ಎಳೆದು ನೋಡಿ, ಆಮೇಲೆ ಮಗುವಿನ ಕೈಗೆ ಕೊಡಿ. ನಮ್ಮವಳು ಪ್ರತಿ ಸಲ ಅದನ್ನು ತನ್ನ ಬೆನ್ನಿಗೇ ಒಂದು ಸಲ ತಟ್ಟಿಕೊಂಡು ನೋಡಿ, "ಸರಿ ಇದೆ ಮಾಮ" ಅಂತ ವಾಪಸ್ ಕೊಡುತ್ತಾಳೆ.